ಒಂದೂ ಕಾಟು ಇಲ್ಲದ ರಿಜಿಸ್ಟರ್

ಗಾಜಿನ ಕಡ್ಡಿ ಬೀಕರಿನ ಅಂಚಿಗೆ ತಾಗುವ ಸದ್ದು. ಕಿಣಿ ಕಿಣಿ ಕಿಣಿ, ಒಂದು ಗಳಿಗೆ ಮೌನ, ಮತ್ತೆ ಕಿಣಿ. ಬೆಳಿಗ್ಗೆ ಆರೂವರೆಗೆ ಮದರಾಸಿನ ಅಡ್ಯಾರಿನ ಒಂದು ಹಳೆಯ ಬಂಗಲೆಯ ವರಾಂಡದಲ್ಲಿ ನಿಂತು ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡುತ್ತಿದ್ದವರು ನಮ್ಮ ಡಾಕ್ಟರ್. ಆ ಒಂದು ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎದುರಿನ ಬೆಂಚಿನ ಮೇಲೆ ಹೋಟೆಲ್ ಕೆಲಸದವರು ಒಂದು ತೋಳು ಮಡಚಿಕೊಂಡು ಸಾಲಾಗಿ ಕುಳಿತಿರುತ್ತಿದ್ದರು. ಆಗ ತಾನೇ ಅವರಿಂದ ಮೊದಲ ಸಿರಿಂಜ್ ರಕ್ತ ತೆಗೆದಿರುತ್ತಿದ್ದೆವು. ಪುಡಿ ಪೂರ್ತಿ ಕರಗಿ ನೀರು ತಿಳಿಯಾದ ಮೇಲೆ ಡಾಕ್ಟರ್ ಬೀಕರನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ನಂಬರ್ ಒನ್" ಎಂದು ಕರೆಯುತ್ತಿದ್ದರು. ಬೆಂಚಿನಿಂದ ಒಬ್ಬ ಮನುಷ್ಯ ಏಳುತ್ತಿದ್ದ. ಅವನಿಗೆ ಹೆಸರಿತ್ತು. ಡಾಕ್ಟರಿಗೆ ಅದು ಬೇಕಿರಲಿಲ್ಲ.

ಹೋದ ತಿಂಗಳು ಡಾಕ್ಟರ್ ತೀರಿಕೊಂಡರು, ತೊಂಬತ್ತು ದಾಟಿ. ಅವರ ಹಳೆಯ ಸಂಸ್ಥೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಅವರ ನೆನಪಿಗೆ ಸುವನೀರ್ ತರುತ್ತಿದ್ದಾರಂತೆ, ಸ್ಮರಣ ಸಂಚಿಕೆ. "ಮೇಡಂ, ಆ ಕಾಲದ ಸ್ಟಾಫಿನಲ್ಲಿ ನೀವೊಬ್ಬರೇ ಉಳಿದಿರೋದು. ಜಸ್ಟ್ ಒನ್ ಪೇಜ್. ಸಮ್ ವಾರ್ಮ್ ಮೆಮರೀಸ್." ಆಗಲಮ್ಮ ಅಂದೆ. ಎರಡು ದಿನ ಕುಳಿತು ಹುಡುಕಿದೆ, ನಿಜವಾಗಿ ಹುಡುಕಿದೆ. ವಾರ್ಮ್ ಅನ್ನುವಂಥದ್ದು ಒಂದೂ ಸಿಗಲಿಲ್ಲ. ಸುವನೀರಿಗೆ ಏನೂ ಕಳಿಸಲಿಲ್ಲ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ನನಗೇನೂ ಮಾಡಿಲ್ಲ. ಇನ್ನು ನಾನು 'ಅವರು', 'ಇವರು' ಎಂದು ಬಹುವಚನ ಹಚ್ಚುವುದನ್ನು ಗೌರವ ಎಂದು ಓದಿಕೊಳ್ಳಬೇಡಿ. ಅದು ಅಭ್ಯಾಸ. ನನ್ನನ್ನು ಹಾಗೆ ಬೆಳೆಸಿದ್ದಾರೆ, ಅಷ್ಟೇ.

ನಾನು ಮದರಾಸಿನಲ್ಲೇ ಬೆಳೆದವಳು. ಅಪ್ಪ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಮೈಸೂರು ಕನ್ನಡ, ಬೀದಿಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷ್. ಜುವಾಲಜಿ ಡಿಗ್ರಿ ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ, ಆ ಬಂಗಲೆಯ ರಿಸರ್ಚ್ ಯೂನಿಟ್ಟಿಗೆ ಟೆಕ್ನಿಷಿಯನ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟೆ. ಮಾರ್ಕ್ಸ್ ಕಾರ್ಡನ್ನು ಡಾಕ್ಟರ್ ನೋಡಲೂ ಇಲ್ಲ. "ಕ್ಯಾನ್ ಯೂ ಸ್ಪೀಕ್ ಕನ್ನಡ, ಲೇಡಿ?" ಎಂದು ಕೇಳಿದರು. ಬರುತ್ತದೆ ಅಂದೆ. ಕೆಲಸ ಸಿಕ್ಕಿತು. ಅವತ್ತಿನಿಂದ ನಾನು ಲೇಡಿ. ನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ಕನ್ನಡ ಯಾಕೆ ಬೇಕಿತ್ತು ಅಂದರೆ, ಎರಡು ಬೀದಿ ಆಚೆ ಒಂದು ಉಡುಪಿ ಹೋಟೆಲು. ಅದರ ಧಣಿ, ಅಡಿಗೆಯವರು, ಸಪ್ಲೈಯರುಗಳು ಎಲ್ಲರೂ ದಕ್ಷಿಣ ಕನ್ನಡದ ಕಡೆಯವರು. ಸಣಕಲು ಮೈ, ದಿನವಿಡೀ ನಿಂತು ಕೆಲಸ, ಎಲ್ಲರಿಗೂ ಒಂದೇ ಅಡಿಗೆಮನೆಯ ಊಟ. ಇಂಥ ಸಣ್ಣ ಮೈಯವರಿಗೂ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ, ಅವರ ರಕ್ತದಲ್ಲಿ ಇನ್ಸುಲಿನ್ ಎಷ್ಟು, ಎಷ್ಟು ಹೊತ್ತಿಗೆ ಬಿಡುಗಡೆಯಾಗುತ್ತದೆ ಎಂಬುದು ಡಾಕ್ಟರರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಹೋಟೆಲಿನವರು ಅದಕ್ಕೆ ಹೇಳಿ ಮಾಡಿಸಿದಂತಿದ್ದರು. ಆದರೆ ಡಾಕ್ಟರ್ ತಾವೇ ಮೈಸೂರಿನ ಕಡೆಯವರಾದರೂ ಅವರೊಡನೆ ಕನ್ನಡ ಮಾತಾಡುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಐದು ವರ್ಷ ಇದ್ದು ಬಂದವರು. ಕನ್ನಡವನ್ನು ಬೈಯುವುದಕ್ಕೆ ಮಾತ್ರ ಮೀಸಲಿಟ್ಟಿದ್ದರು. ನಮ್ಮ ಕಿವಿಗೆ ಕನ್ನಡ ಬಿತ್ತೆಂದರೆ ಯಾರದೋ ಗ್ರಹಚಾರ ಕೆಟ್ಟಿತು ಎಂದು ತಿಳಿದುಕೊಳ್ಳುತ್ತಿದ್ದೆವು.

ಬೈಗುಳದಲ್ಲಿ ಪ್ರತಿಭೆ ಇತ್ತು. ಪಿಪೆಟ್ ಒಡೆದವನಿಗೆ, "ನಿಮ್ಮ ತಾಯಿ ನಿಮ್ಮ ಕೈಗೆ ಬಳೆ ತೊಡಿಸದೆ ಬಿಟ್ಟದ್ದು ಒಳ್ಳೇದಾಯ್ತು ಕಣ್ರೀ, ದಿನಕ್ಕೊಂದು ಡಜನ್ ಬೇಕಾಗಿರೋದು." ನನಗೆ, "ಕಾನ್ವೆಂಟಿನಲ್ಲಿ ಹ್ಯಾಂಡ್‌ರೈಟಿಂಗ್ ಕಲಿಸ್ತಾರೆ, ತಲೆ ತರೋದು ಮನೆಯಿಂದಲೇ." ಎಲ್ಲರೂ ನಗಬೇಕು, ಬೈಸಿಕೊಂಡವರೂ ನಗಬೇಕು. ನಗದಿದ್ದರೆ, "ನೋ ಸೆನ್ಸ್ ಆಫ್ ಹ್ಯೂಮರ್, ದಿಸ್ ಲೇಡಿ."

ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಅವರ ಕೈ ತುಂಬ ಒಳ್ಳೆಯದು. ಯಾವ ತೋಳಿನಲ್ಲೂ ಒಂದೇ ಚುಚ್ಚಿಗೆ ರಕ್ತನಾಳ ಸಿಗುತ್ತಿತ್ತು. ಚುಚ್ಚಿಸಿಕೊಂಡವರು "ಆಯ್ತಾ?" ಎಂದು ಕೇಳುತ್ತಿದ್ದರು. ಆ ವಿದ್ಯೆಯನ್ನು ನನಗೂ ಕಲಿಸಿದರು, ಬೈದುಕೊಂಡೇ. ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ಅವರ ದೊಡ್ಡ ಹುಚ್ಚು ರಿಜಿಸ್ಟರ್. ಹಸಿರು ರಟ್ಟಿನ ಉದ್ದನೆಯ ಪುಸ್ತಕ. ಅದರಲ್ಲಿ ಒಂದು ಚಿತ್ತು, ಒಂದು ಕಾಟು ಇರಕೂಡದು. ತಪ್ಪು ಬರೆದೆವೋ, ಆ ಹಾಳೆಯನ್ನೇ ಹುಷಾರಾಗಿ ತೆಗೆದು, ಇಡೀ ಪುಟವನ್ನು ಹೊಸದಾಗಿ ಬರೆದು ಅಂಟಿಸಬೇಕು. ಹೊರಗಿನಿಂದ ಯಾರಾದರೂ ಬಂದರೆ ಅದನ್ನು ತೆರೆದು ತೋರಿಸುವರು, "ನಾಟ್ ಎ ಸಿಂಗಲ್ ಕರೆಕ್ಷನ್" ಎಂದು. ನನಗೆ ಅದು ಮೊದಲಿನಿಂದಲೂ ಹಿಡಿಸಲಿಲ್ಲ. ನಮ್ಮ ಶಾಲೆಯಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದ ಮುದುಕಿ ಸಿಸ್ಟರ್ ಇದಕ್ಕೆ ಉಲ್ಟಾ. ತಪ್ಪಾದರೆ ರಬ್ಬರ್ ಮುಟ್ಟಕೂಡದು, ಮಸಿ ಬಳಿಯಕೂಡದು. ಒಂದೇ ಒಂದು ತೆಳು ಗೆರೆ. "ವನ್ ಲೈನ್, ಚೈಲ್ಡ್. ಮೊದಲು ಏನು ಅಂದುಕೊಂಡಿದ್ದೆ ಅಂತ ನನಗೆ ಓದಲಿಕ್ಕೆ ಬರಬೇಕು." ಇದನ್ನು ಒಂದು ಸಲ ಡಾಕ್ಟರಿಗೆ ಹೇಳಿದೆ. "ನಿಮ್ಮ ಸಿಸ್ಟರ್ ಎಷ್ಟು ಪೇಪರ್ ಪಬ್ಲಿಷ್ ಮಾಡಿದ್ದಾರೆ?" ಎಂದರು.

ಹೋಟೆಲಿನವರಲ್ಲಿ ಹನ್ನೊಂದನೆಯ ನಂಬರು ಶೀನಣ್ಣ, ಕಾಫಿ ಹಾಕುವವರು. ಐವತ್ತರ ಹತ್ತಿರ. ಇಪ್ಪತ್ತೈದು ವರ್ಷದಿಂದ ಅದೇ ಬಾಯ್ಲರ್ ಮುಂದೆ ನಿಂತವರು. ಆ ಹೋಟೆಲಿಗೆ ಜನ ಬರುತ್ತಿದ್ದದ್ದು ಅವರ ಕಾಫಿಗೆ. ದೋಸೆ ಅಲ್ಲಿ ಸುಮಾರು. ರಕ್ತ ಕೊಟ್ಟು ಕುಳಿತಾಗ ಉಳಿದವರು ತೂಕಡಿಸಿದರೆ ಇವರು ಪ್ರಶ್ನೆ ಕೇಳುವರು.

"ಅಮ್ಮಾ, ಈ ಇನ್ಸುಲಿನ್ ಅಂದ್ರೆ ಎಂತದು?"

ಹೊಟ್ಟೆಯ ಹಿಂದೆ ಒಂದು ಗ್ರಂಥಿ ಇದೆ, ಉಪವಾಸವಿದ್ದಾಗ ಅದು ಈ ರಸವನ್ನು ಹನಿ ಹನಿಯಾಗಿ ಮಾತ್ರ ಬಿಡುತ್ತದೆ, ಸಿಹಿ ಒಳಗೆ ಬಿದ್ದೊಡನೆ ಒಂದು ಸಲ ಭರ್ರನೆ ಬಿಟ್ಟು, ಆಮೇಲೆ ನಿಧಾನವಾಗಿ ಬಹಳ ಹೊತ್ತು ಬಿಡುತ್ತದೆ, ರಕ್ತದ ಸಕ್ಕರೆಯನ್ನು ಮೈಯೊಳಗೆ ಸೇರಿಸುವುದು ಆ ರಸವೇ ಎಂದೆ.

ಶೀನಣ್ಣ ಸ್ವಲ್ಪ ಯೋಚಿಸಿದರು. "ಅಂದ್ರೆ ಫಿಲ್ಟರ್ ಅಲ್ದಾ? ಬಿಸಿನೀರು ಹೊಯ್ದ ಕೂಡ್ಲೆ ಮೊದಲಿನ ಡಿಕಾಕ್ಷನ್, ಗಟ್ಟಿ. ಆಮೇಲೆ ಎರಡನೇ ಡಿಕಾಕ್ಷನ್, ನಿಧಾನಕ್ಕೆ ಇಳೀತದೆ. ದೇವರು ನಮ್ಮ ಹೊಟ್ಟೆಯೊಳಗೂ ಒಂದು ಕಾಫಿ ಫಿಲ್ಟರ್ ಇಟ್ಟಿದ್ದಾನೆ ಮಾರಾಯ್ರೆ!"

ಬೆಂಚಿಡೀ ನಕ್ಕಿತು. ನನಗೆ ಅದು ಎಷ್ಟು ಸರಿ ಅನ್ನಿಸಿತೆಂದರೆ ಒಳಗೆ ಹೋಗಿ ಡಾಕ್ಟರಿಗೂ ಹೇಳಿದೆ. ಅವರು ನಗಲಿಲ್ಲ. ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡರು.

ಕೆಲವು ತಿಂಗಳು ಹೀಗೆ ನಡೆದ ಮೇಲೆ ಫಲಿತಾಂಶ ಬರತೊಡಗಿತು. ಉಪವಾಸದ ರಕ್ತದಲ್ಲಿ ಹನಿ ಹನಿಯಷ್ಟೇ ಇರಬೇಕಾಗಿದ್ದ ಇನ್ಸುಲಿನ್, ಹೋಟೆಲಿನ ಸಣಕಲು ಮೈಗಳಲ್ಲಿ ತುಂಬಿ ತುಳುಕುತ್ತಿತ್ತು. ಸಕ್ಕರೆಯೂ ಇರಬೇಕಾದದ್ದಕ್ಕಿಂತ ಹೆಚ್ಚು. ಎಲ್ಲರಿಗಿಂತ ಹೆಚ್ಚು ನಂಬರ್ ಹನ್ನೊಂದರಲ್ಲಿ. ಡಾಕ್ಟರ್ ಪೆನ್ಸಿಲಿನಿಂದ ಗ್ರಾಫ್ ಎಳೆದು ನೋಡಿ ಸೀಟಿ ಹಾಕಿದರು. ಅವರು ಸೀಟಿ ಹಾಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಂಥ ಮೈಗಳಲ್ಲಿ ಇನ್ಸುಲಿನ್ ಇದ್ದೂ ಕೆಲಸ ಮಾಡುವುದಿಲ್ಲ, ಕಾಯಿಲೆಯ ಬೇರು ಇದೇ, ಎಂದು ಪೇಪರ್ ಬರೆಯಲು ಕುಳಿತರು. ವಿದೇಶದ ಕಾನ್ಫರೆನ್ಸಿಗೆ ಅಬ್‌ಸ್ಟ್ರ್ಯಾಕ್ಟ್ ಹೋಯಿತು. ಅಲ್ಲಿಂದ ಟಿಕೆಟ್ ಬಂತು.

ಅಷ್ಟಕ್ಕೆ ಬಿಟ್ಟಿದ್ದರೆ ನನಗೆ ಈ ಲೇಖನ ಬರೆಯುವ ಕೆಲಸ ಇರುತ್ತಿರಲಿಲ್ಲ. ಅವರು ಹೋಟೆಲ್ ಧಣಿಗೆ ಫೋನ್ ಮಾಡಿ, ನಿಮ್ಮ ಕಾಫಿಯವನಿಗೆ ಸಕ್ಕರೆ ಕಾಯಿಲೆ ಹಿಡಿದಾಗಿದೆ, ಒಂದು ದಿನ ತಲೆ ಸುತ್ತಿ ಬಾಯ್ಲರ್ ಮೇಲೆ ಬೀಳುತ್ತಾನೆ, ಆಮೇಲೆ ನನ್ನನ್ನು ಕೇಳಬೇಡಿ, ಅಂದರು. ನಾನು ಪಕ್ಕದ ಟೇಬಲ್ಲಿನಲ್ಲೇ ಇದ್ದೆ. ಪೇಷಂಟಿನ ವಿಷಯ ಪೇಷಂಟಿಗೆ ಹೇಳದೆ ಧಣಿಗೆ ಹೇಳುವುದು ಯಾವ ಸೀಮೆಯ ಡಾಕ್ಟರಿಕೆ ಎಂದು ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ. ಆ ಕ್ಷಣದಲ್ಲಿ ನಾನು ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಲೇ ಇದ್ದೆ.

ಒಂದು ವಾರ ಬಿಟ್ಟು ಶೀನಣ್ಣ ಯೂನಿಟ್ಟಿನ ಗೇಟಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ನನ್ನನ್ನು ಬಾಯ್ಲರಿನಿಂದ ಇಳಿಸಿದ್ರು ಅಮ್ಮ. ಈಗ ಟೇಬಲ್ ಒರೆಸೂದು. ಬಟ್ಟೆ ಕೊಟ್ಟಿದ್ದಾರೆ."

ಹೋಟೆಲ್ ಲೋಕ ಗೊತ್ತಿದ್ದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಟೇಬಲ್ ಒರೆಸುವುದು ಊರಿನಿಂದ ಹೊಸದಾಗಿ ಬಂದವರ ಕೆಲಸ. ಅಲ್ಲಿಂದ ಮೇಲೇರಿ ಬಾಯ್ಲರಿಗೆ ಬರಬೇಕಾದರೆ ಅರ್ಧ ಆಯುಷ್ಯ ಹೋಗುತ್ತದೆ.

"ದೀಪಾವಳಿ ತನಕ ನೋಡ್ತಾರಂತೆ, ಆಮೇಲೆ ಊರಿಗೆ ಹೋಗು ಅಂತಾರೆ. ಊರಲ್ಲಿ ನಾನು ಯಾರಿಗೆ ಕಾಫಿ ಹಾಕೂದು? ದನಕ್ಕಾ? ಅದೆಲ್ಲ ಇರಲಿ. ನನಗೆ ಎಂತ ಆಗಿದೆ, ನೀವಾದ್ರೂ ಹೇಳಿ."

ಹೇಳಿದೆ. ಸಿಹಿ ತುಂಬ ತಿನ್ನುತ್ತೀರಾ ಎಂದು ಕೇಳಿದೆ.

"ಸಿಹಿಯಾ? ಜಿಲೇಬಿ ನೋಡಿ ನೋಡಿ ಸಾಕಾಗಿದೆ, ಮೂಸೂದೂ ಇಲ್ಲ. ಕಾಫಿ ಒಂದು ಬಿಟ್ರೆ ನಾನು ಸಕ್ಕರೆ ಮುಟ್ಟೂದಿಲ್ಲ."

"ಕಾಫಿ ಎಷ್ಟು?"

"ಅದು ಲೆಕ್ಕ ಉಂಟಾ? ಬೆಳಿಗ್ಗೆ ಹದ ನೋಡ್ಲಿಕ್ಕೇ ಮೂರು ಲೋಟ ಬೇಕು."

"ಬೆಳಿಗ್ಗೆ ಅಂದರೆ ಎಷ್ಟು ಹೊತ್ತಿಗೆ?"

"ಐದೂವರೆಗೆ. ಬಾಗಿಲು ತೆಗೆಯೂ ಮೊದಲು."

"ಇಲ್ಲಿಗೆ ಬರುವ ದಿನ?"

"ಆ ದಿನವೂ."

"ಶೀನಣ್ಣ! ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ನಾನು ಎಷ್ಟು ಸಲ ಹೇಳಿದ್ದೆ?"

ಅವರಿಗೆ ನಿಜವಾಗಿಯೂ ನೋವಾಯಿತು. "ಖಾಲಿ ಹೊಟ್ಟೆಯಲ್ಲೇ ಬಂದದ್ದು ಅಮ್ಮ. ದೇವರಾಣೆ. ಒಂದು ಇಡ್ಲಿ ಚೂರೂ ಬಾಯಿಗೆ ಹಾಕಿಲ್ಲ. ಕಾಫಿ ಮಾತ್ರ."

ಮರುದಿನ ಬೆಳಿಗ್ಗೆ ಐದೂಕಾಲಿಗೆ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಟೆಲಿಗೆ ಹೋದೆ. ಬಾಗಿಲು ಇನ್ನೂ ತೆಗೆದಿರಲಿಲ್ಲ. ಒಳಗೆ ಸ್ನಾನ ಮಾಡಿ ವಿಭೂತಿ, ಗೋಪಿಚಂದನ ಹಚ್ಚಿಕೊಂಡವರು ಸಾಲಾಗಿ ನಿಂತಿದ್ದರು. ದಿನದ ಮೊದಲ ಲೋಟ ಕಾಫಿ, ಹಾಲು ಸಕ್ಕರೆ ಎರಡೂ ಧಾರಾಳವಾಗಿ ಹಾಕಿದ್ದು, ಕೃಷ್ಣನ ಪಟದ ಮುಂದೆ ಇಟ್ಟರು. ಕೈ ಮುಗಿದರು. ಆಮೇಲೆ ಧಣಿಯಿಂದ ಪಾತ್ರೆ ತೊಳೆಯುವವನವರೆಗೆ ಒಬ್ಬೊಬ್ಬರಿಗೂ ಒಂದೊಂದು ಲೋಟ. ಅದನ್ನು ಕುಡಿಯದೆ ಯಾರೂ ಒಲೆ ಮುಟ್ಟುವಂತಿಲ್ಲ. ಅದು ಆಹಾರವಲ್ಲ. ಆ ಹೋಟೆಲಿನಲ್ಲಿ ಏಕಾದಶಿಯ ದಿನ ಉಪವಾಸ ಮಾಡುವವರೂ ಅದನ್ನು ಕುಡಿದೇ ಉಪವಾಸ ಮಾಡುತ್ತಿದ್ದರು. ತೀರ್ಥ ತೆಗೆದುಕೊಂಡರೆ ಉಪವಾಸ ಮುರಿಯಿತು ಅನ್ನುತ್ತಾರೆಯೇ? ಹಾಗೆ. ಅದಾಗಿ ಒಂದು ಗಂಟೆಗೆ ಅವರು ನಮ್ಮ ಬೆಂಚಿನ ಮೇಲೆ ತೋಳು ಮಡಚುತ್ತಿದ್ದರು. ಹದ ನೋಡಲು ಮೂರು ಲೋಟ ಕುಡಿದ ಶೀನಣ್ಣನ ರಕ್ತದಲ್ಲಿ ಎಲ್ಲರಿಗಿಂತ ಹೆಚ್ಚು ಇನ್ಸುಲಿನ್ ಸಿಗದೆ ಇನ್ನೇನು? ಆ ಮನುಷ್ಯನ ಗ್ರಂಥಿ ತನ್ನ ಕೆಲಸವನ್ನು ಒಪ್ಪವಾಗಿ ಮಾಡುತ್ತಿತ್ತು. ಕೆಲಸ ಕೆಡಿಸಿದವರು ನಾವು.

ನಾವು ಅಂದೆನಲ್ಲ, ಅದರಲ್ಲಿ ನಾನೂ ಸೇರಿದ್ದೇನೆ. ಡಾಕ್ಟರ್ ಟೈಪ್ ಮಾಡಿಸಿದ ಸೂಚನೆಯಲ್ಲಿ ಇದ್ದದ್ದು 'ನೋ ಫುಡ್' ಎಂದು. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಊಟ ತಿಂಡಿ ಮಾಡಬೇಡಿ ಎಂದೆ. ಕಾಫಿ ಕುಡಿದಿರಾ ಎಂದು ನನ್ನ ಬಾಯಿಂದ ಒಂದು ದಿನವೂ ಬರಲಿಲ್ಲ. ನಮ್ಮ ಮನೆಯಲ್ಲೂ ಹಾಸಿಗೆ ಮಡಚುವ ಮೊದಲೇ ಕಾಫಿ ಆಗುತ್ತಿತ್ತು. ಅದನ್ನು ನಾವೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಭಾನುವಾರ ಯೂನಿಟ್ ಮುಚ್ಚಿರುತ್ತಿತ್ತು. ವಾಚ್‌ಮನ್ನನ್ನು ಕಾಡಿ ಬೇಡಿ ಬಾಗಿಲು ತೆಗೆಸಿ, ನೀರು ಕೂಡ ಮುಟ್ಟದೆ ಬಂದ ಶೀನಣ್ಣನ ರಕ್ತವನ್ನು ನಾನೇ ತೆಗೆದೆ. ಗ್ಲೂಕೋಸ್ ಕೊಟ್ಟು ಪುನಃ ಪುನಃ ತೆಗೆದೆ. ಸಕ್ಕರೆ ಎಷ್ಟಿದೆ ಎಂದು ಅವತ್ತೇ ಗೊತ್ತಾಯಿತು. ಇನ್ಸುಲಿನ್ ತಿಳಿಯಲು ಇನ್ನೂ ಐದು ದಿನ. ಎರಡೂ ಪಠ್ಯಪುಸ್ತಕದಲ್ಲಿ ಹೇಳಿದ ಹಾಗೆಯೇ ಬಂದವು. ಆರೋಗ್ಯವಂತ ಮನುಷ್ಯ. ಆಮೇಲೆ ರಿಜಿಸ್ಟರ್ ತೆರೆದು, ಹೋಟೆಲಿನವರ ಪುಟದಲ್ಲಿ 'ಫಾಸ್ಟಿಂಗ್: ಯೆಸ್' ಎಂದು ಮೇಲಿಂದ ಕೆಳಗೆ ನನ್ನದೇ ಅಕ್ಷರದಲ್ಲಿದ್ದ ಸಾಲಿಗೆ ಒಂದು ತೆಳು ಗೆರೆ ಎಳೆದೆ. ಪಕ್ಕದಲ್ಲಿ, ಎಲ್ಲರೂ ಒಂದು ಗಂಟೆ ಮೊದಲು ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದಿದ್ದರು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.

ಡಾಕ್ಟರ್ ಅದನ್ನು ನೋಡಿದಾಗ ಕೋಣೆಯಲ್ಲಿ ನಾವಿಬ್ಬರೇ.

"ಏನ್ರೀ ಇದು? ನನ್ನ ರಿಜಿಸ್ಟರಿಗೆ ಯಾರು ಗೆರೆ ಹಾಕಿದ್ದು?"

ಕನ್ನಡ. ನನ್ನ ಗ್ರಹಚಾರ ಎಂದುಕೊಂಡೆ. ನಡೆದದ್ದನ್ನೆಲ್ಲ ಹೇಳಿದೆ.

"ಸೋ, ಇನ್ನು ಮೇಲೆ ಈ ದೇಶದ ಸೈನ್ಸನ್ನ ಕಾಫಿ ಹಾಕೋವ್ನು ನಡೆಸ್ತಾನೆ."

"ಎಲ್ಲರನ್ನೂ ಇನ್ನೊಂದು ಸಲ ಕರೆಸೋಣ ಸಾರ್. ಎರಡು ತಿಂಗಳು ಸಾಕು."

"ಮೂರು ವಾರಕ್ಕೆ ನಾನು ಪ್ಲೇನ್ ಹತ್ತಬೇಕು. ಅಲ್ಲಿ ಹೋಗಿ ಏನಂತ ಹೇಳಲಿ? ಜೆಂಟಲ್‌ಮೆನ್, ಎಕ್ಸ್‌ಕ್ಯೂಸ್ ಮಿ, ನನ್ನ ಟೆಕ್ನಿಷಿಯನ್ ಕಾಫಿ ವಿಚಾರಿಸೋದು ಮರೆತರು ಅಂತಲೇ? ಅವರಿಗೆ ಹೇಳಿದ್ದು ಯಾರು? ನೀವು. ಕನ್ನಡ ಬರುತ್ತೆ ಅಂತ ತಾನೇ ನಿಮ್ಮನ್ನ ಇಟ್ಟುಕೊಂಡಿದ್ದು?"

ಅದು ನಾಟಿತು. ನಿಜ ಇದ್ದದ್ದರಿಂದ ನಾಟಿತು. ನಾನು ಆ ಮಾತನ್ನು ಬಿಟ್ಟು ಶೀನಣ್ಣನ ಚೀಟಿಯನ್ನು ಮುಂದಿಟ್ಟೆ. ಈತನಿಗೆ ಕಾಯಿಲೆ ಇಲ್ಲ ಎಂದು ನಾನೇ ಟೈಪ್ ಮಾಡಿದ್ದ ನಾಲ್ಕು ಸಾಲು. ಧಣಿಯ ಹತ್ತಿರ ನಾನು ಆಗಲೇ ಹೋಗಿ ಬಂದಿದ್ದೆ. "ದೊಡ್ಡ ಡಾಕ್ಟ್ರು ಬಾಯಲ್ಲಿ ಹೇಳಿದ್ದಾರೆ, ಅವರೇ ಬರೆದು ಸೈನ್ ಹಾಕಿ ಕೊಡ್ಲಿ, ನಾಳೆಯೇ ಬಾಯ್ಲರಿಗೆ ಹತ್ತಿಸ್ತೇನೆ" ಎಂದಿದ್ದರು.

ಡಾಕ್ಟರ್ ಚೀಟಿ ಓದಿದರು. ಪೆನ್ ತೆಗೆದರು. ಮುಚ್ಚಳವನ್ನೂ ಬಿಚ್ಚಿದರು. ಬರೆಯದೆ ನನ್ನ ಮುಖ ನೋಡಿದರು.

"ಸೈನ್ ತಾನೆ? ಅದಕ್ಕೇನಂತೆ, ಹಾಕೋಣ. ಮೊದಲು ಆ ಪುಟ ಸರಿಯಾಗಲಿ."

"ಸರಿ ಅಂದರೆ, ಸಾರ್?"

"ಫೇರ್ ಕಾಪಿ. ಗೆರೆಯಿಲ್ಲದೆ, ನಿಮ್ಮ ಕಾಫಿ ಪುರಾಣ ಇಲ್ಲದೆ. ಎಷ್ಟು ಪುಟ ಹಾಗೆ ಬರೆದಿಲ್ಲ ನೀವು? ಬರೆದು ತನ್ನಿ, ಸೈನ್ ತಗೊಂಡು ಹೋಗಿ. ನಿಮ್ಮ ಕಾಫಿಯವನು ಉದ್ಧಾರ ಆಗಲಿ."

"ಅದು ಸುಳ್ಳು ಸಾರ್."

"ಸುಳ್ಳು ಅಂತ ಯಾಕೆ ಅಂತೀರಿ? ಮೊನ್ನೆವರೆಗೂ ಅದು ನಿಮ್ಮ ಕೈಬರಹದಲ್ಲೇ ಇತ್ತು. ಲಂಚ್ ಟೈಮ್ ಮುಗಿಯೋದರೊಳಗೆ ಕೊಡಿ."

ಇಷ್ಟು ವರ್ಷದಲ್ಲಿ ಆ ಲಂಚ್ ಟೈಮನ್ನು ನಾನು ಎಷ್ಟು ತರಹ ಬದಲಾಯಿಸಿಕೊಂಡು ನೋಡಿದ್ದೇನೋ. ಎದ್ದು ಸಂಸ್ಥೆಯ ಡೈರೆಕ್ಟರ ಬಳಿ ಹೋಗಬಹುದಿತ್ತು. ಧಣಿಯ ಕಾಲು ಹಿಡಿಯಬಹುದಿತ್ತು. ಬೇರೆ ಡಾಕ್ಟರನ್ನು ಹುಡುಕಬಹುದಿತ್ತು. ಆದರೆ ಆ ಬೀದಿಯಲ್ಲಿ ಇವರ ಮಾತಿನ ಮೇಲೆ ಮಾತಾಡುವ ಬೇರೆ ಡಾಕ್ಟರ್ ಯಾರೂ ಇರಲಿಲ್ಲ. ದೀಪಾವಳಿಗೆ ಇದ್ದದ್ದು ಹತ್ತು ದಿನ. ನನ್ನ ಕಣ್ಣ ಮುಂದೆ ಇದ್ದದ್ದು ಶೀನಣ್ಣನ ಕೈಯಲ್ಲಿದ್ದ ಒದ್ದೆ ಬಟ್ಟೆ. ಹೊಸ ಹಾಳೆ ತೆಗೆದುಕೊಂಡೆ. ಹೆಸರಿಲ್ಲದ ನಂಬರುಗಳು, ಎದುರಿಗೆ ಯೆಸ್, ಯೆಸ್, ಯೆಸ್. ಹನ್ನೊಂದರ ಎದುರಿಗೂ ಯೆಸ್.  ಒಂದು ಚಿತ್ತಾದರೂ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅಷ್ಟು ಸುಂದರವಾದ ಅಕ್ಷರ ನಾನು ಆ ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ.

ಅವರು ಎರಡೂ ಪುಟ ಪಕ್ಕಪಕ್ಕ ಇಟ್ಟು ನಂಬರುಗಳನ್ನು ತಾಳೆ ನೋಡಿದರು. ಹಳೆಯದನ್ನು ಮುದುರಿ ಬುಟ್ಟಿಗೆ ಹಾಕಿದರು. ಚೀಟಿಗೆ ಸಹಿ ಹಾಕಿ, "ಹ್ಯಾಪಿ?" ಎಂದರು. ಆ ಹ್ಯಾಪಿಯನ್ನು ನಾನು ಕ್ಷಮಿಸಿಲ್ಲ. ಸುಳ್ಳು ಬರೆಸಿದ್ದನ್ನಾದರೂ ಒಂದು ದಿನ ಕ್ಷಮಿಸಿಬಿಡುತ್ತಿದ್ದೆನೇನೋ, ಆ ಒಂದು ಶಬ್ದವನ್ನಲ್ಲ. ಸಂಜೆ ಅವರು ಹೋದ ಮೇಲೆ ಬುಟ್ಟಿಯಿಂದ ಹಳೆಯ ಹಾಳೆ ಎತ್ತಿಕೊಂಡು ಮನೆಗೆ ತಂದೆ. ಇಸ್ತ್ರಿಪೆಟ್ಟಿಗೆಯಿಂದ ಸುಕ್ಕು ತೆಗೆದೆ.

ಶೀನಣ್ಣ ಬಾಯ್ಲರಿಗೆ ಮರಳಿದರು. ಮರುದಿನದಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಹನ್ನೊಂದು ಗಂಟೆಗೆ ಅವರೇ ಖುದ್ದಾಗಿ ಒಂದು ಫ್ಲಾಸ್ಕಿನಲ್ಲಿ ಕಾಫಿ ತಂದು ಡಾಕ್ಟರ ಮೇಜಿನ ಮೇಲಿಟ್ಟು, ಕೈ ಮುಗಿದು ಹೋಗುವರು. ಡಾಕ್ಟರ್ ತಲೆ ಎತ್ತುತ್ತಿರಲಿಲ್ಲ. ಕುಡಿಯುತ್ತಿದ್ದರು. "ನಾಟ್ ಬ್ಯಾಡ್" ಅನ್ನುತ್ತಿದ್ದರು, ಲೋಟಕ್ಕೆ.

"ದೊಡ್ಡ ಮನಸ್ಸು ನಿಮ್ಮ ಡಾಕ್ಟ್ರದು, ಅಲ್ದಾ ಅಮ್ಮ?" ಎಂದು ಶೀನಣ್ಣ ಒಂದು ದಿನ ಗೇಟಿನ ಹತ್ತಿರ ಕೇಳಿದರು.

"ಹೌದು ಶೀನಣ್ಣ" ಅಂದೆ. ಬೇರೆ ಏನು ಹೇಳಲಿ? ಹೇಳಿದ್ದರೆ ಆ ಮನುಷ್ಯ ತಾನಾಗಿ ಬಾಯ್ಲರ್ ಬಿಟ್ಟು ಇಳಿದುಬಿಡುತ್ತಿದ್ದರು. ಅಂಥವರು.

ವಿದೇಶದಿಂದ ಬಂದ ಮೇಲೆ ಡಾಕ್ಟರಿಗೆ ಒಂದು ಸನ್ಮಾನ. ಹಾರ, ಶ್ರೀಗಂಧದ ಪೆಟ್ಟಿಗೆ, ಸ್ಲೈಡ್ ಷೋ. ಅಲ್ಲಿ ಮಾಡಿದ ಭಾಷಣವನ್ನೇ ಇಲ್ಲೂ ಮಾಡಿದರು. "ಇಮ್ಯಾಜಿನ್, ಲೇಡೀಸ್ ಅಂಡ್ ಜೆಂಟಲ್‌ಮೆನ್, ಅ ಸೌತ್ ಇಂಡಿಯನ್ ಕಾಫಿ ಫಿಲ್ಟರ್. ಫಸ್ಟ್ ಡಿಕಾಕ್ಷನ್, ಸೆಕೆಂಡ್ ಡಿಕಾಕ್ಷನ್..." ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ವಂದನೆ. ದಾನಿಗಳಿಗೆ, ಡೈರೆಕ್ಟರಿಗೆ, ಹೆಂಡತಿಗೆ, ಇನ್ಸುಲಿನ್ ಅಳೆಯಲು ಬೇಕಾದ ಆಂಟಿಬಾಡಿ ಕೊಟ್ಟ ಗಿನಿ ಪಿಗ್ಗುಗಳಿಗೆ. ಗಿನಿ ಪಿಗ್ ಅಂದಾಗ ಎಲ್ಲರೂ ನಕ್ಕರು. ಹೋಟೆಲಿನವರ ಹೆಸರಿಲ್ಲ, ಹೋಟೆಲೆಂಬ ಶಬ್ದವೂ ಇಲ್ಲ.

ನಾನು ಮುಂದಿನ ವರ್ಷ ಬಿಟ್ಟೆ. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬಯಾಲಜಿ ಹೇಳಿಕೊಡುತ್ತ ಬದುಕು ಕಳೆಯಿತು. ಡಾಕ್ಟರ ಫಲಿತಾಂಶ ಬೇರೆ ಯಾವ ಊರಿನಲ್ಲೂ, ಯಾರ ಕೈಯಲ್ಲೂ ಹಾಗೆ ಬರಲಿಲ್ಲ ಎಂದು ಆಗಾಗ ಕಿವಿಗೆ ಬೀಳುತ್ತಿತ್ತು. ಆ ಊರಿನವರು ಇನ್ಸುಲಿನ್ ಅಳೆಯುವ ಆಂಟಿಸೀರಮ್ಮೇ ಸರಿಯಿಲ್ಲ ಎಂದು ಡಾಕ್ಟರ್ ಎಲ್ಲರನ್ನೂ ಬೈದು ಕಾಗದ ಬರೆಯುತ್ತಿದ್ದರಂತೆ. ನನ್ನ ಟ್ರಂಕಿನಲ್ಲಿದ್ದ ಹಾಳೆಯನ್ನು ಒಂದು ಕವರಿಗೆ ಹಾಕಿ ಯಾವುದಾದರೂ ಜರ್ನಲ್ಲಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಅದರ ಜೊತೆಗೆ ಇನ್ನೊಂದು ಪುಟವೂ ಇದೆ, ಅದೂ ನನ್ನ ಅಕ್ಷರವೇ, ಎಂದು ಹೇಳಬೇಕಾಗುತ್ತಿತ್ತು. ಅವರು ನನಗೆ ಮಾಡಿದ ದೊಡ್ಡ ಅನ್ಯಾಯ ಇದೇ. ತಮ್ಮ ತಪ್ಪನ್ನು ನನ್ನ ಕೈಯಲ್ಲಿ ಬರೆಸಿ, ನನ್ನ ಬಾಯನ್ನೂ ಅದರ ಜೊತೆಗೆ ಅಂಟಿಸಿಬಿಟ್ಟರು.

ಕೊನೆಯ ಸಲ ನೋಡಿದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ. ಬೆಸೆಂಟ್ ನಗರದ ಬೀಚಿನಲ್ಲಿ, ಸಂಜೆ, ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದೆ. ಕಪ್ಪು ಕನ್ನಡಕ ಹಾಕಿದವರೊಬ್ಬರು ಹತ್ತಿರ ಬಂದು ಬಗ್ಗಿ ನೋಡಿದರು. ಕಣ್ಣಿನ ಪೊರೆ ತೆಗೆಸಿ ಒಂದು ವಾರವಂತೆ. ಆಗ ತಾನೇ ರಿಟೈರ್ ಆಗಿದ್ದರು.

"ಲೇಡಿ! ನೀವೇ ಅಲ್ವೇ?"

ಎದ್ದು ನಿಂತೆ. ಅಭ್ಯಾಸ. ಕೂರಿ ಅಂದರು, ತಾವೂ ಕುಳಿತರು. ಕನ್ನಡದಲ್ಲೇ ಮಾತಾಡಿದರು, ಬೈಗುಳವಿಲ್ಲದೆ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

"ಯಾರೋ ಹುಡುಗ ಕಾಗದ ಬರೆದಿದ್ದಾನೆ. ಹೋಟೆಲ್ ಡೇಟಾ ಪೂರ್ತಿ ಕಳಿಸಿ ಅಂತಾನೆ. ನನಗೂ ಸಾಕಾಗಿದೆ. ಜರ್ನಲ್ಲಿನಲ್ಲಿ ಒಂದು ಸಣ್ಣ ತಿದ್ದುಪಡಿ, ಎರ್ರೇಟಂ ಹಾಕಿ ಮುಗಿಸಿಬಿಡೋಣ ಅಂತ. ಆ ಹಳೇ ಪುಟ... ನೀವು ಎತ್ತಿಟ್ಟುಕೊಳ್ಳೋ ಪೈಕಿ. ಇದೆಯಾ?"

"ಇದೆ ಸಾರ್."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಎದೆಯೂ ಒಂದು ಕ್ಷಣ ಹಗುರಾಯಿತು. ಹತ್ತು ವರ್ಷಕ್ಕೂ ಮೇಲೆ ಆ ಹಾಳೆ ನನ್ನ ಸೀರೆಗಳ ಅಡಿಯಲ್ಲಿ ಬಿದ್ದಿತ್ತು. ಈ ಮನುಷ್ಯನಿಗೂ ಅದು ಎಲ್ಲೋ ಒತ್ತುತ್ತಿತ್ತು ಎಂದುಕೊಂಡೆ.

"ಗುಡ್. ಹೀಗೆ ಬರೀತೀನಿ. ಟೆಕ್ನಿಷಿಯನ್ ವಾಲಂಟಿಯರುಗಳಿಗೆ ತಪ್ಪು ಸೂಚನೆ ಕೊಟ್ಟಿದ್ದರು, ಈಗ ತಿಳಿದುಬಂತು, ಅಂತ. ನಿಮಗೇನೂ ನಷ್ಟ ಇಲ್ಲವಲ್ಲ? ನೀವು ಫೀಲ್ಡಿನಲ್ಲೇ ಇಲ್ಲ."

"'ಈಗ ತಿಳಿದುಬಂತು' ಅಂತಲೇ ಸಾರ್?"

"ಮತ್ತೆ?"

"ಪುಟ ಕೊಡ್ತೀನಿ ಸಾರ್. ನಾಳೆಯೇ ಕೊಡ್ತೀನಿ. ತಪ್ಪು ಸೂಚನೆ ಕೊಟ್ಟೆ ಅಂತಲೂ ನಾನೇ ಬರೆದು ಸೈನ್ ಹಾಕ್ತೀನಿ. ಎರಡನೇ ಪುಟ ಯಾವತ್ತು ಬರೆದೆ, ಯಾರು ಬರೆಸಿದ್ದು, ಯಾವ ಸೈನಿಗೋಸ್ಕರ ಬರೆದೆ, ಅದನ್ನೂ ಬರೀತೀನಿ. ಎಲ್ಲ ಒಟ್ಟಿಗೆ ಕಳಿಸಿ."

ಅವರು ಸಮುದ್ರದ ಕಡೆಗೆ ತಿರುಗಿದರು. ಆ ಕನ್ನಡಕದೊಳಗೆ ಏನಿತ್ತೋ ಕಾಣಲಿಲ್ಲ. "ಅದೆಲ್ಲ ಯಾರಿಗೆ ಬೇಕು, ಲೇಡಿ?" ಎಂದರು. ಸ್ವರ ಮೆತ್ತಗಿತ್ತು.

"ನನಗೆ ಬೇಕು ಸಾರ್."

"ಯೂ ವರ್ ಆಲ್ವೇಸ್ ಡಿಫಿಕಲ್ಟ್" ಎನ್ನುತ್ತ ಎದ್ದರು. ಪುಟ ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಎರ್ರೇಟಂ ಬರಲಿಲ್ಲ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಒಂದೇ ಊರಿನಲ್ಲಿದ್ದೆವು, ಮುಖ ನೋಡಲಿಲ್ಲ.

ಅವತ್ತು ಅವರು ರಸ್ತೆ ದಾಟಬೇಕಿತ್ತು. ಬಸ್ಸು, ಆಟೋ, ಸ್ಕೂಟರು ಒಂದರ ಹಿಂದೆ ಒಂದು. ಒಂದು ಹೆಜ್ಜೆ ಕೆಳಗಿಡುವರು, ಹಾರ್ನ್ ಕೇಳಿ ಹಿಂದೆಗೆಯುವರು. ಮತ್ತೆ ಇಡುವರು, ಮತ್ತೆ ಹಿಂದೆಗೆಯುವರು. ಒಂದು ಸಲ ಯಾರಾದರೂ ಇದ್ದಾರೆಯೇ ಎಂಬಂತೆ ಕೈಯನ್ನು ಪಕ್ಕಕ್ಕೆ ಚಾಚಿದರು. ಹತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ಅವರಿಗೂ ಗೊತ್ತಿತ್ತು. ಕೊನೆಗೆ ಕಡಲೆ ಸುಂಡಲ್ ಮಾರುವ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು, "ವಾಂಗ ಅಯ್ಯಾ", ಬನ್ನಿ, ಎಂದು ಆ ಕೈ ಹಿಡಿದು ದಾಟಿಸಿದಳು. ನಾನು ಕುಳಿತಲ್ಲಿಂದ ಏಳಲಿಲ್ಲ.